ಓಪನ್‌ಹೈಮ್‌ನಲ್ಲಿ ಓಪನ್‌ಹೈಮರ್ ಯಾರೂ ಇಲ್ಲ

ಫ್ರಾಂಕ್‌ಫರ್ಟ್‌ನಲ್ಲಿ ನನ್ನ ಅಕ್ಕನ ಮಗಳ ಮನೆ ಇರುವುದು ಸಾಕ್ಸನ್‌ಹೌಸನ್ ಅನ್ನುವ ಬಡಾವಣೆಯಲ್ಲಿ, ಮೈನ್ ನದಿಯ ದಕ್ಷಿಣ ದಂಡೆಗೆ. ಬಂದಿಳಿದ ಮರುದಿನ ಬೆಳಿಗ್ಗೆ ಹಾಲು ತರಲು ಹೋದವನು ರಸ್ತೆಯ ಹೆಸರಿನ ಹಲಗೆ ನೋಡಿ ನಿಂತುಬಿಟ್ಟೆ. ಓಪನ್‌ಹೈಮರ್ ಲಾಂಡ್‌ಸ್ಟ್ರಾಸೆ. ಅಣುಬಾಂಬಿನ ವಿಜ್ಞಾನಿಯ ಹೆಸರಿಟ್ಟಿದ್ದಾರೆ ಅಂತಲೇ ತಿಳಿದೆ. ಮನೆಗೆ ಬಂದು ಹೇಳಿದರೆ ಅವಳು ತಲೆಯಾಡಿಸಿದಳು. "ಮಾಮಾ, ಅದು ಮನುಷ್ಯನ ಹೆಸರಲ್ಲ. ಓಪನ್‌ಹೈಮ್ ಅಂತ ಒಂದು ಊರಿದೆ. ಆ ಊರ ಕಡೆಯ ದಾರಿ ಅಂತ ಅರ್ಥ."

ಊರಾ? ಇಷ್ಟು ವರ್ಷ ಆ ಹೆಸರು ಕೇಳಿದ್ದೇನೆ, ಅದರ ಹಿಂದೆ ಒಂದು ಊರು ಇರಬಹುದು ಅಂತ ಒಮ್ಮೆಯೂ ಹೊಳೆದಿರಲಿಲ್ಲ. ನಮ್ಮಲ್ಲಿ ಬೆಳಗಾವಿ ಬಿಟ್ಟವರು ಬೆಳಗಾಂವ್ಕರ್ ಆಗುವ ಹಾಗೆ, ಜರ್ಮನ್ನರು ಊರಿನ ಹೆಸರಿಗೆ 'ಅರ್' ಸೇರಿಸುತ್ತಾರೆ. ವರ್ಟ್‌ಹೈಮ್‌ನವರು ವರ್ಟ್‌ಹೈಮರ್. ಓಪನ್‌ಹೈಮ್‌ನವರು ಓಪನ್‌ಹೈಮರ್. ಎಷ್ಟು ದೂರ ಅಂತ ಕೇಳಿದೆ. ಮೈಂಟ್ಸ್‌ನಲ್ಲಿ ರೈಲು ಬದಲಿಸಿದರೆ ಒಂದು ಗಂಟೆ ಚಿಲ್ಲರೆ ಅಂದಳು.

ಅವಳು ಹನ್ನೆರಡು ದಿನಕ್ಕೆ ಬರ್ಲಿನ್, ಕಲೋನ್, ಮ್ಯೂನಿಕ್ ಅಂತ ಏನೇನೋ ಯೋಜನೆ ಹಾಕಿದ್ದಳು. ಅವನ್ನೂ ನೋಡಿದೆವು, ಚೆನ್ನಾಗಿದ್ದವು. ಆದರೆ ಬರೆಯಬೇಕು ಅನ್ನಿಸಿದ್ದು ಈ ಹೆಸರಿನ ಬೆನ್ನು ಹತ್ತಿ ಹೋದ ನಾಲ್ಕು ದಿನಗಳ ಬಗ್ಗೆ ಮಾತ್ರ.

ಶನಿವಾರ ಹೊರಟೆವು. ಮೈಂಟ್ಸ್ ದಾಟಿದ ಮೇಲೆ ರೈಲು ರೈನ್ ನದಿಯ ಪಕ್ಕದಲ್ಲೇ ಓಡುತ್ತದೆ. ಎಡಕ್ಕೆ ನದಿ, ಬಲಕ್ಕೆ ಗುಡ್ಡದ ತುಂಬ ದ್ರಾಕ್ಷಿ ಸಾಲು. ಓಪನ್‌ಹೈಮ್ ಏಳು ಸಾವಿರ ಚಿಲ್ಲರೆ ಜನರ ಸಣ್ಣ ಊರು. ಮೇಲೆ ಕೋಟೆಯ ಅವಶೇಷ, ಅದರ ಕೆಳಗೆ ಕೆಂಪು ಕಲ್ಲಿನ ಕಾಥರೀನಾ ಚರ್ಚು, ಇನ್ನೂ ಕೆಳಗೆ ಇಕ್ಕಟ್ಟು ಬೀದಿಗಳು. 1689ರಲ್ಲಿ ಫ್ರೆಂಚ್ ಸೈನ್ಯ ಊರನ್ನೇ ಸುಟ್ಟು ಹಾಕಿತ್ತಂತೆ. ಚರ್ಚಿನ ಕಿಟಕಿಯಲ್ಲಿ ಬಣ್ಣದ ಗಾಜಿನ ಒಂದು ದೊಡ್ಡ ಗುಲಾಬಿ ಇದೆ, ಅದನ್ನು ಓಪನ್‌ಹೈಮ್ ಗುಲಾಬಿ ಅಂತಲೇ ಕರೆಯುತ್ತಾರೆ. ಮಧ್ಯಾಹ್ನದ ಬಿಸಿಲು ಅದರ ಮೂಲಕ ಬಂದು ನೆಲದ ಮೇಲೆ ಕೆಂಪು ನೀಲಿ ಚುಕ್ಕಿ ಹರಡಿತ್ತು. ಫ್ರಾಂಕ್‌ಫರ್ಟ್‌ನ ಗಾಜಿನ ಗೋಪುರಗಳನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಅವುಗಳಲ್ಲಿ ನೋಡುವಂಥದ್ದು ಏನೂ ಕಾಣಲಿಲ್ಲ. ಇಲ್ಲಿ ಒಂದು ಕಿಟಕಿಯ ಮುಂದೆ ಅರ್ಧ ಗಂಟೆ ಕೂತಿದ್ದೆ.

ಊಟಕ್ಕೆ ಅಂತ ಮಾರುಕಟ್ಟೆ ಚೌಕದ ಹತ್ತಿರ ಒಂದು ವೈನ್ ಅಂಗಡಿಗೆ ಹೋದೆವು. ಎಪ್ಪತ್ತು ದಾಟಿದ ಒಬ್ಬ ಅಜ್ಜಿ ನಡೆಸುತ್ತಿದ್ದರು. ನನಗೆ ಜರ್ಮನ್ ಬಾರದು, ಅಕ್ಕನ ಮಗಳು ಮಧ್ಯೆ ಕೂತು ಎರಡೂ ಕಡೆ ಹೇಳುತ್ತಿದ್ದಳು. ಈ ಊರಲ್ಲಿ ಓಪನ್‌ಹೈಮರ್ ಅನ್ನುವವರು ಯಾರಾದರೂ ಇದ್ದಾರಾ ಅಂತ ಕೇಳಿದೆ.

ಅಜ್ಜಿ ಕಪಾಟಿನಿಂದ ಒಂದು ಬಾಟಲಿ ತೆಗೆದು ಮೇಜಿನ ಮೇಲಿಟ್ಟರು. ಚೀಟಿಯ ಮೇಲೆ 'ಓಪನ್‌ಹೈಮರ್ ಕ್ರೋಟನ್‌ಬ್ರುನ್ನನ್' ಅಂತ ಬರೆದಿತ್ತು. ಕಪ್ಪೆಬಾವಿ ಅಂತ ಅರ್ಥವಂತೆ, ದ್ರಾಕ್ಷಿ ಬೆಳೆಯುವ ಜಾಗದ ಹೆಸರು. "ಇದು ಓಪನ್‌ಹೈಮರ್. ನಾನೂ ಓಪನ್‌ಹೈಮರ್. ಹೊರಗೆ ಓಡಾಡ್ತಿರೋ ಎಲ್ಲರೂ ಓಪನ್‌ಹೈಮರ್‌ಗಳೇ. ಆದರೆ ಮನೆ ಬಾಗಿಲ ಮೇಲೆ ಆ ಹೆಸರು ಹುಡುಕಿದರೆ ಸಿಗಲ್ಲ."

ಯಾಕೆ ಅಂದೆ.

"ಇಲ್ಲೇ ಇದ್ದರೆ ಆ ಹೆಸರು ಯಾಕೆ ಬೇಕು? ಎಲ್ಲರೂ ಇಲ್ಲಿಯವರೇ ಅಲ್ವಾ. ಬೇರೆ ಊರಿಗೆ ಹೋದಾಗ ಅಲ್ಲಿಯವರು ಇಡುವ ಹೆಸರು ಅದು."

ಆಮೇಲೆ ಅವರು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. ಅಮೆರಿಕ, ಇಸ್ರೇಲ್, ದಕ್ಷಿಣ ಆಫ್ರಿಕದಿಂದ ಆ ಹೆಸರಿನವರು ಆಗಾಗ ಬರುತ್ತಾರೆ. ಊರಿನ ಹೆಸರಿನ ಹಲಗೆಯ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಕೆಲವರು ಅಂಗಡಿಗೆ ಬಂದು ನಮ್ಮ ಮನೆ ಯಾವುದು ಅಂತ ಕೇಳುತ್ತಾರೆ. "ಏನು ಹೇಳಲಿ? ಅವರ ಹಿರಿಯರು ಊರು ಬಿಟ್ಟು ನಾನೂರೋ ಐನೂರೋ ವರ್ಷ ಆಗಿರುತ್ತೆ. ಇಲ್ಲ ಅನ್ನೋಕೆ ಮನಸ್ಸು ಬರಲ್ಲ. ಹಳೇ ಬೀದಿ ತೋರಿಸ್ತೀನಿ. ಅಲ್ಲಿ ಹೋಗಿ ಸುಮ್ನೆ ನಿಂತು ಬರ್ತಾರೆ."

ನಂತರ ನನ್ನ ಹೆಸರೇನು ಅಂತ ಕೇಳಿದರು. ನನ್ನ ಅಡ್ಡಹೆಸರು ನರಗುಂದ. ಅದೂ ಊರಿನ ಹೆಸರೇ, ಮುತ್ತಜ್ಜ ಆ ಊರು ಬಿಟ್ಟವರು, ಈಗ ನಾವೆಲ್ಲ ಬೆಂಗಳೂರಿನಲ್ಲಿದ್ದೇವೆ ಅಂತ ಹೇಳಿದೆ. ಅಜ್ಜಿ ಸ್ವಲ್ಪ ಹೊತ್ತು ಯೋಚನೆ ಮಾಡಿದರು. "ಹಾಗಾದ್ರೆ ನಿಮ್ಮ ಊರಲ್ಲೂ ನಿಮ್ಮ ಹೆಸರಿನವರು ಯಾರೂ ಇರಲ್ಲ."

ನಾನು ನರಗುಂದಕ್ಕೆ ಹೋಗಿರುವುದು ಒಂದೇ ಸಲ, ನವಿಲುತೀರ್ಥಕ್ಕೆ ಹೋಗುವ ದಾರಿಯಲ್ಲಿ, ಚಹಾ ಕುಡಿಯುವಷ್ಟು ಹೊತ್ತು. ಹೋಟೆಲಿನವನಿಗೆ ನನ್ನ ಹೆಸರು ಹೇಳಿದಾಗ ಅವನು ನನ್ನ ಮುಖವನ್ನೇ ನೋಡಿದ್ದ. "ನರಗುಂದದಾಗ ನರಗುಂದ ಅನ್ನೋರು ಯಾರೂ ಇಲ್ರೀ" ಅಂದಿದ್ದ. ಅದು ನನಗೆ ಅಲ್ಲಿಯವರೆಗೆ ನೆನಪೇ ಇರಲಿಲ್ಲ. ಅಜ್ಜಿಗೆ ಹೇಳಿದೆ. ಅವರು ಬಾಟಲಿಯನ್ನು ಕಾಗದದಲ್ಲಿ ಸುತ್ತಿ ಕೈಗಿಟ್ಟರು, ಎಷ್ಟು ಹೇಳಿದರೂ ದುಡ್ಡು ತೆಗೆದುಕೊಳ್ಳಲಿಲ್ಲ.

ಓಪನ್‌ಹೈಮರ್ ಹೆಚ್ಚಾಗಿ ಯಹೂದಿಗಳ ಅಡ್ಡಹೆಸರು. ಹಿಂದೆ ಯಹೂದಿಗಳು ತಮ್ಮೊಳಗೆ ಇಂಥವನ ಮಗ ಇಂಥವನು ಅಂತಲೇ ಗುರುತಿಸಿಕೊಳ್ಳುತ್ತಿದ್ದರು. ಅಡ್ಡಹೆಸರು ಬೇಕಾಗಿದ್ದು ಊರು ಬಿಡಬೇಕಾಗಿ ಬಂದಾಗ. 1348-49ರಲ್ಲಿ ಪ್ಲೇಗ್ ಬಂತು. ಬಾವಿಗೆ ವಿಷ ಹಾಕಿದವರು ಇವರೇ ಅಂತ ಸುಳ್ಳು ಹಬ್ಬಿಸಿ ರೈನ್ ದಂಡೆಯ ಊರೂರಿನಲ್ಲಿ ಯಹೂದಿಗಳನ್ನು ಕೊಂದರು. ಆಮೇಲೂ ಒಂದೊಂದು ಊರಿನವರು ಒಂದೊಂದು ಸಲ ಹೊರಗೆ ಹಾಕಿದರು. ಹೋದ ಕಡೆ ಬಿಟ್ಟುಬಂದ ಊರಿನ ಹೆಸರು ಅಂಟಿಕೊಂಡಿತು. ಶ್ಪಯರ್ ಊರಿನಿಂದ ಶಪೀರೋ, ಗ್ಯುಂಟ್ಸ್‌ಬುರ್ಗ್‌ನಿಂದ ಗಿನ್ಸ್‌ಬರ್ಗ್. ಹಾಗಾಗಿ ಓಪನ್‌ಹೈಮರ್‌ಗಳೆಲ್ಲ ಒಂದೇ ಮನೆತನದವರು ಅಲ್ಲ. ಬೇರೆ ಬೇರೆ ಕಾಲಕ್ಕೆ ಊರು ಬಿಟ್ಟ ಬೇರೆ ಬೇರೆ ಮನೆಯವರು. ರೈನ್ ನದಿಯ ಎಡದಂಡೆ ಫ್ರಾನ್ಸಿನ ಕೈಯಲ್ಲಿದ್ದಾಗ, 1808ರಲ್ಲಿ, ಎಲ್ಲ ಯಹೂದಿಗಳೂ ಒಂದು ಕಾಯಂ ಅಡ್ಡಹೆಸರು ಬರೆಸಬೇಕು ಅಂತ ನೆಪೋಲಿಯನ್ ಆಜ್ಞೆ ಮಾಡಿದ. ಆದರೆ ಓಪನ್‌ಹೈಮರ್ ಅನ್ನುವುದು ಅದಕ್ಕಿಂತ ಎಷ್ಟೋ ಮೊದಲೇ ಬಾಯಲ್ಲಿತ್ತು.

ಅದೇ ಸಂಜೆ ಇನ್ನೂ ಮುಂದಕ್ಕೆ, ವರ್ಮ್ಸ್ ಊರಿಗೆ ಹೋದೆವು. ಅಲ್ಲಿ ಯುರೋಪಿನ ಅತ್ಯಂತ ಹಳೆಯ ಯಹೂದಿ ಸ್ಮಶಾನ ಇದೆ, 'ಹೈಲಿಗರ್ ಸಾಂಡ್', ಪವಿತ್ರ ಮರಳು ಅಂತ. ಹೋದರೆ ಗೇಟಿಗೆ ಬೀಗ. ಶನಿವಾರ ಯಹೂದಿಗಳ ಸಬ್ಬತ್, ಅವತ್ತು ಸ್ಮಶಾನ ತೆರೆಯುವುದಿಲ್ಲ. ನಾನು ಓದಿಕೊಂಡು ಹೋದ ಪ್ರವಾಸದ ಪುಟದಲ್ಲಿ 'ಪ್ರತಿದಿನ ತೆರೆದಿರುತ್ತದೆ' ಅಂತ ಬರೆದಿತ್ತು. ಅಷ್ಟು ದೂರ ಬಂದು ಬೇಲಿಯ ಆಚೆಯಿಂದ ಇಣುಕಿ ವಾಪಸು ಬಂದಿದ್ದು ಇವತ್ತಿಗೂ ಬೇಜಾರು. ನೀವು ಹೋಗುವುದಾದರೆ ಶನಿವಾರ ಬೇಡ, ಯಹೂದಿ ಹಬ್ಬದ ದಿನವೂ ಬೇಡ. ಗಂಡಸರು ತಲೆ ಮುಚ್ಚಬೇಕು, ಒಂದು ಟೋಪಿ ಜೊತೆಗಿರಲಿ.

ಅಕ್ಕನ ಮಗಳು ಬೇಡ ಅಂದರೂ ಭಾನುವಾರ ಮತ್ತೆ ಕರೆದುಕೊಂಡು ಹೋದೆ. ಹೋಗಿದ್ದಕ್ಕೆ ನನಗೆ ಸಮಾಧಾನ ಇದೆ.

ಏರುತಗ್ಗಿನ ಹುಲ್ಲುನೆಲ. ಮರಳುಗಲ್ಲಿನ ಎರಡು ಸಾವಿರಕ್ಕೂ ಜಾಸ್ತಿ ಗೋರಿಗಲ್ಲುಗಳು. ಕೆಲವು ಮುಂದಕ್ಕೆ ಬಾಗಿವೆ, ಕೆಲವು ಒಂದಕ್ಕೊಂದು ಒರಗಿವೆ. ತುಂಬ ಹಳೆಯದು ಹನ್ನೊಂದನೇ ಶತಮಾನದ್ದು. ಗೇಟಿನಿಂದ ಸ್ವಲ್ಪ ಒಳಗೆ ಎರಡು ಕಲ್ಲುಗಳು ಅಕ್ಕಪಕ್ಕ ನಿಂತಿವೆ. ಎರಡರ ತಲೆಯ ಮೇಲೂ ಬೆಣಚುಕಲ್ಲಿನ ರಾಶಿ, ಅದರಡಿ ಮಡಚಿಟ್ಟ ಚೀಟಿಗಳು. ಮಳೆಗೆ ಶಾಯಿ ಹರಡಿ ಎಷ್ಟೋ ಚೀಟಿಗಳ ಅಕ್ಷರ ಅಳಿಸಿಹೋಗಿತ್ತು.

ಒಂದು ಕಲ್ಲು ರೋಟನ್‌ಬುರ್ಗ್‌ನ ಮೆಯಿರ್ ಅನ್ನುವ ದೊಡ್ಡ ಧರ್ಮಗುರುವಿನದು. ಅವರು ಹುಟ್ಟಿದ್ದು ಈ ವರ್ಮ್ಸ್‌ನಲ್ಲಿ, ಹೆಸರು ಮಾತ್ರ ರೋಟನ್‌ಬುರ್ಗ್‌ನದು. 1286ರಲ್ಲಿ ದೇಶ ಬಿಟ್ಟು ಹೋಗುವಾಗ ಅವರನ್ನು ಹಿಡಿದು ರಾಜ ರುಡಾಲ್ಫ್‌ನ ಸೆರೆಯಲ್ಲಿಟ್ಟರು. ದೊಡ್ಡ ಮೊತ್ತ ಕೊಟ್ಟು ಬಿಡಿಸಲು ಸಮುದಾಯದವರು ಸಿದ್ಧರಿದ್ದರು. ಮೆಯಿರ್ ಬೇಡ ಅಂದರಂತೆ. ನನಗಾಗಿ ದುಡ್ಡು ಕೊಟ್ಟರೆ ನಾಳೆ ಪ್ರತಿ ಊರಿನ ಗುರುವನ್ನೂ ಹಿಡಿದು ಕೂರಿಸುತ್ತಾರೆ ಅನ್ನುವುದು ಅವರ ಲೆಕ್ಕ. 1293ರಲ್ಲಿ ಸೆರೆಯಲ್ಲೇ ತೀರಿಹೋದರು. ದೇಹವನ್ನೂ ಕೊಡಲಿಲ್ಲ. ಹದಿನಾಲ್ಕು ವರ್ಷದ ಮೇಲೆ, 1307ರಲ್ಲಿ, ಅಲೆಕ್ಸಾಂಡರ್ ಅನ್ನುವ ಒಬ್ಬ ವ್ಯಾಪಾರಿ ದುಡ್ಡು ಕಟ್ಟಿ ದೇಹ ಬಿಡಿಸಿಕೊಂಡು ಬಂದ. ಅವನು ಕೇಳಿದ್ದು ಒಂದೇ: ಸತ್ತ ಮೇಲೆ ನನ್ನನ್ನು ಗುರುವಿನ ಪಕ್ಕ ಮಣ್ಣು ಮಾಡಿ ಅಂತ. ಪಕ್ಕದ ಕಲ್ಲು ಅವನದು. ಅವನ ಅಡ್ಡಹೆಸರು ವಿಂಪ್‌ಫೆನ್. ಅದೂ ಊರೇ.

ಓಪನ್‌ಹೈಮ್‌ನ ದ್ರಾಕ್ಷಿತೋಟದ ದಾರಿಯಲ್ಲಿ ನಾಲ್ಕೈದು ಕಲ್ಲು ಆರಿಸಿ ಜೇಬಿಗೆ ಹಾಕಿಕೊಂಡಿದ್ದೆ. ಯಾಕೆ ಅಂತ ಆಗ ಗೊತ್ತಿರಲಿಲ್ಲ. ಅದರಲ್ಲಿ ಒಂದನ್ನು ವಿಂಪ್‌ಫೆನ್‌ನ ಕಲ್ಲಿನ ಮೇಲಿಟ್ಟೆ. ಗೋರಿಗೆ ಹೂವಲ್ಲ, ಕಲ್ಲು ಇಡುವುದು ಅವರ ಪದ್ಧತಿ.

ಇದೇ ವರ್ಮ್ಸ್‌ನಲ್ಲಿ 1664ರಲ್ಲಿ ಡಾವಿಡ್ ಓಪನ್‌ಹೈಮ್ ಹುಟ್ಟಿದ್ದು. ಪ್ರಾಗ್‌ನ ಮುಖ್ಯ ಗುರುವಾದವರು. ಅವರಿಗೆ ಪುಸ್ತಕದ ಹುಚ್ಚು. ಸಾವಿರಾರು ಹೀಬ್ರೂ ಪುಸ್ತಕ, ನೂರಾರು ಕೈಬರಹದ ಪ್ರತಿಗಳನ್ನು ಕೂಡಿಟ್ಟರು. ಪ್ರಾಗ್‌ನಲ್ಲಿಟ್ಟರೆ ಚರ್ಚಿನ ತಪಾಸಣೆಯವರು ಎತ್ತಿಕೊಂಡು ಹೋಗುತ್ತಾರೆ ಅಂತ ಎಲ್ಲವನ್ನೂ ಹಾನೋವರ್‌ನ ಮಾವನ ಮನೆಯಲ್ಲಿಟ್ಟಿದ್ದರು. ತಮ್ಮದೇ ಪುಸ್ತಕಗಳಿಂದ ದೂರ ಬದುಕಿದರು! ಅವರ ನಂತರ ಆ ಪುಸ್ತಕಗಳು ಹ್ಯಾಂಬರ್ಗ್‌ನಲ್ಲಿ ಪೆಟ್ಟಿಗೆಯಲ್ಲಿ ಬಿದ್ದಿದ್ದವು. ಕೊನೆಗೆ 1829ರಲ್ಲಿ ಆಕ್ಸ್‌ಫರ್ಡ್‌ನ ಬೋಡ್ಲಿಯನ್ ಗ್ರಂಥಾಲಯ ಕೊಂಡುಕೊಂಡಿತು. ಓಪನ್‌ಹೈಮರ್ ಅಂದರೆ ಬಾಂಬು ಮಾತ್ರ ನೆನಪಾಗುವುದು ನನಗೆ ಸರಿ ಕಾಣುವುದಿಲ್ಲ. ಈ ಪುಸ್ತಕಗಳೂ ನೆನಪಾಗಬೇಕು.

ಸ್ಟುಟ್‌ಗಾರ್ಟ್‌ನಲ್ಲಿ ನೇಣಿಗೇರಿದ ಯೋಸೆಫ್ ಸ್ಯೂಸ್ ಓಪನ್‌ಹೈಮರ್ ಕೂಡ ನೆನಪಾಗಬೇಕು. ದೊರೆಯ ಹಣಕಾಸು ನೋಡಿಕೊಳ್ಳುತ್ತಿದ್ದವನು. ದೊರೆ ಸತ್ತ ಕೂಡಲೇ ಅವನನ್ನು ಹಿಡಿದರು, 1738ರಲ್ಲಿ ಕೊಂದರು. ಹೆಣವನ್ನು ಕಬ್ಬಿಣದ ಪಂಜರದಲ್ಲಿ ಆರು ವರ್ಷ ತೂಗುಹಾಕಿದ್ದರು. ಇನ್ನೂರು ವರ್ಷದ ಮೇಲೆ ನಾಜಿಗಳು ಅವನ ಕಥೆ ತಿರುಚಿ, ಯಹೂದಿಗಳ ಮೇಲೆ ದ್ವೇಷ ಹಬ್ಬಿಸುವ ಸಿನಿಮಾ ಮಾಡಿದರು.

ಮುಂದಿನ ವಾರ ಒಂದು ದಿನ ಹಾನೌ ಮತ್ತು ಫ್ರೀಡ್‌ಬೆರ್ಗ್‌ಗೆ ಹೋದೆವು, ಎರಡೂ ಫ್ರಾಂಕ್‌ಫರ್ಟ್‌ನ ಮಗ್ಗುಲಲ್ಲೇ. ವಿಜ್ಞಾನಿಯ ತಂದೆ ಯೂಲಿಯಸ್ ಹಾನೌನವರು. 1888ರಲ್ಲಿ, ಹದಿನೇಳರ ವಯಸ್ಸಿಗೆ, ಇಂಗ್ಲಿಷ್ ಬಾರದೆ ನ್ಯೂಯಾರ್ಕ್‌ಗೆ ಹೋದರು. ಅವರ ಮಗ ಮುಂದೆ ಬರ್ಕ್ಲಿಯಲ್ಲಿ ಸಂಸ್ಕೃತ ಕಲಿತು ಗೀತೆ ಓದಿದ್ದು, ಸ್ಫೋಟದ ಹೊತ್ತಿನಲ್ಲಿ 'ಕಾಲೋಸ್ಮಿ' ಶ್ಲೋಕ ನೆನಪಾಯಿತು ಅಂದದ್ದು ನಮಗೆಲ್ಲ ಗೊತ್ತಿರುವುದೇ. ವಜ್ರದ ಗಣಿಗಳ ಒಡೆಯ ಅರ್ನೆಸ್ಟ್ ಓಪನ್‌ಹೈಮರ್ 1880ರಲ್ಲಿ ಹುಟ್ಟಿದ್ದು ಫ್ರೀಡ್‌ಬೆರ್ಗ್‌ನಲ್ಲಿ, ಸಿಗಾರ್ ವ್ಯಾಪಾರಿಯ ಮಗ. ಅಲ್ಲಿ 1260ರಲ್ಲಿ ಕಟ್ಟಿದ ಯಹೂದಿ ಸ್ನಾನದ ಬಾವಿ ಇದೆ, ಇಪ್ಪತ್ತೈದು ಮೀಟರ್ ಆಳ. ಗೋಡೆಗುಂಟ ಮೆಟ್ಟಿಲು ಇಳಿದರೆ ತಳದಲ್ಲಿ ಅಂತರ್ಜಲ. ನಮ್ಮ ಕಡೆಯ ಮೆಟ್ಟಿಲು ಬಾವಿಗಳನ್ನು ನೋಡಿದವನಿಗೂ ಆ ತಣ್ಣಗಿನ ಮೌನ ಬೇರೆಯೇ ಅನ್ನಿಸಿತು. ವಾಪಸು ಬಂದು ಫ್ರಾಂಕ್‌ಫರ್ಟ್‌ನ ಹಸಿರು ಸಾಸ್ ತಿಂದೆವು. ಏಳು ಬಗೆ ಸೊಪ್ಪು ಅರೆದು ಮೊಸರು ಹಾಕಿದ್ದು, ಬೇಯಿಸಿದ ಆಲೂಗಡ್ಡೆ ಜೊತೆ. ಶಿರಸಿ ಕಡೆಯ ತಂಬುಳಿಯ ತಮ್ಮ ಅನ್ನಬಹುದು. ಜರ್ಮನಿಯಲ್ಲಿ ತಿಂದಿದ್ದರಲ್ಲಿ ಅದೇ ಚೆಂದ.

ಆ ರಾತ್ರಿ ಬೆಂಗಳೂರಿನ ಕೋನಿಗ್ಸ್‌ಬರ್ಗರ್ ನೆನಪಾದರು. ಬರ್ಲಿನ್‌ನಲ್ಲಿ ಹುಟ್ಟಿದ ಆಟೋ ಕೋನಿಗ್ಸ್‌ಬರ್ಗರ್, ನಾಜಿಗಳಿಂದ ತಪ್ಪಿಸಿಕೊಂಡು 1939ರಲ್ಲಿ ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿಯಾಗಿ ಬಂದವರು. ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ ಅವರು ಕಟ್ಟಿಸಿದ ಕಟ್ಟಡಗಳ ಮುಂದೆ ನಾನು ಎಷ್ಟು ಸಲ ಓಡಾಡಿದ್ದೇನೆ! ಕೋನಿಗ್ಸ್‌ಬರ್ಗರ್ ಅಂದರೂ ಕೋನಿಗ್ಸ್‌ಬರ್ಗ್ ಊರಿನವರು. 1946ರಲ್ಲಿ ಆ ಊರಿನ ಹೆಸರೇ ಹೋಯಿತು, ಈಗ ಅದು ರಷ್ಯಾದ ಕಲಿನಿನ್‌ಗ್ರಾಡ್. ಊರು ಕಳೆದುಕೊಂಡ ಹೆಸರನ್ನು ಊರು ಬಿಟ್ಟವರು ಇಟ್ಟುಕೊಂಡಿದ್ದಾರೆ.

ಹೊರಡುವ ಹಿಂದಿನ ದಿನ ಫ್ರಾಂಕ್‌ಫರ್ಟ್‌ನ ಹಳೆಯ ಯಹೂದಿ ಸ್ಮಶಾನಕ್ಕೆ ಹೋದೆವು. ಅದರ ಹೊರಗೋಡೆಯ ಉದ್ದಕ್ಕೂ ಸಣ್ಣ ಸಣ್ಣ ಲೋಹದ ತುಂಡುಗಳು ಹೊರಚಾಚಿಕೊಂಡಿವೆ, ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡವು. ಸುಮಾರು 12,000. ನಾಜಿಗಳು ಈ ಊರಿನಿಂದ ಸಾಗಿಸಿ ಕೊಂದ ಯಹೂದಿಗಳು, ಒಬ್ಬೊಬ್ಬರಿಗೆ ಒಂದೊಂದು ತುಂಡು. ಹೆಸರು, ಹುಟ್ಟಿದ ದಿನ, ಗೊತ್ತಿದ್ದರೆ ಸತ್ತ ದಿನ ಮತ್ತು ಜಾಗ. ಲೋಡ್ಜ್. ಮಿನ್ಸ್ಕ್. ಕೌನಾಸ್. ಆಶ್ವಿಟ್ಸ್. ಅವರ ಹೆಸರಿಗೂ ಕೈ ಹಾಕಿದ್ದರು. ಹೆಸರಿನಿಂದಲೇ ಯಹೂದಿ ಅಂತ ಗೊತ್ತಾಗದಿದ್ದರೆ, 1939ರ ಜನವರಿ 1ರಿಂದ ಯಹೂದಿ ಗಂಡಸಿನ ಹೆಸರಿಗೆ ಇಸ್ರಾಯೆಲ್, ಹೆಂಗಸಿನ ಹೆಸರಿಗೆ ಸಾರಾ ಅಂತ ಸೇರಿಸಲೇಬೇಕು ಅನ್ನುವ ಕಾನೂನು ತಂದಿದ್ದರು. ಗೋಡೆಯ ಮೇಲೆ ಅವು ಇಲ್ಲ. ತಂದೆತಾಯಿ ಇಟ್ಟ ಹೆಸರು, ಮನೆತನದ ಹೆಸರು, ಅಷ್ಟೇ.

ಅಕ್ಷರದ ಕ್ರಮದಲ್ಲಿ ಜೋಡಿಸಿದ್ದಾರೆ. ನಡೆಯುತ್ತ ಓ ಅಕ್ಷರಕ್ಕೆ ಬಂದೆವು. ಮೊದಲು ಓಪನ್‌ಹೈಮ್, ಆಮೇಲೆ ಓಪನ್‌ಹೈಮರ್. ಓಪನ್‌ಹೈಮರ್. ಓಪನ್‌ಹೈಮರ್. ಅಕ್ಕನ ಮಗಳು ಒಂದೊಂದನ್ನೇ ಮೆಲ್ಲಗೆ ಓದುತ್ತಾ ಹೋದಳು. ಕೆಲವರು ನನ್ನ ಅಮ್ಮನ ವಯಸ್ಸಿನವರು, ಕೆಲವರು ಶಾಲೆಗೆ ಹೋಗುವ ಮಕ್ಕಳು. ಕೆಲವು ತುಂಡುಗಳ ಮೇಲೆ ಯಾರೋ ಕಲ್ಲಿಟ್ಟಿದ್ದರು. ಎಷ್ಟೋ ತುಂಡುಗಳ ಮೇಲೆ ಏನೂ ಇರಲಿಲ್ಲ.

ಜೇಬಿಗೆ ಕೈ ಹಾಕಿದೆ. ಓಪನ್‌ಹೈಮ್‌ನ ಕಲ್ಲು ಮೂರೋ ನಾಲ್ಕೋ ಉಳಿದಿದ್ದವು. ಮಕ್ಕಳ ಹೆಸರಿನ ಮೇಲೆ ಇಡುತ್ತಾ ಬಂದೆ, ಬೇಗ ಮುಗಿದುಹೋದವು. ಅಕ್ಕನ ಮಗಳು ಓದುವುದನ್ನು ನಿಲ್ಲಿಸಿ, ಕಲ್ಲು ಹುಡುಕಲು ಮರಗಳ ಕಡೆ ಹೋದಳು.