ಆ್ಯಪ್ ಒಪ್ಪದ ಉಪ್ಪು

ತಿಂಗಳ ವರದಿಗೆಂದು ಇ.ಸಿ. (ನೀರಿನ ವಿದ್ಯುತ್ ವಾಹಕತೆ, ಉಪ್ಪು ಹೆಚ್ಚಿದಷ್ಟೂ ಏರುವ ಅಂಕಿ) ಶೀಟ್ ತೆರೆದರೆ ಸಮುದ್ರದ ಕಡೆ ಅಂತರ್ಜಲದ ಮೇಲೆ ಕಣ್ಣಿಡಲೆಂದೇ ಕೊರೆದ ಅಬ್ಸರ್ವೇಶನ್ ಬೋರ್‌ಗಳ ಎದುರು ಒಂದೇ ಸಂಖ್ಯೆ ಸಾಲಾಗಿ ಕೂತಿತ್ತು: 4999. ಅದರ ಕೆಳಗೂ 4999. ಹಿಂದಿನ ವಾರದ ಶೀಟ್‌ನಲ್ಲೂ ಅದೇ. ಕರಾವಳಿಯ ಅಂತರ್ಜಲ ಅಷ್ಟು ಶಿಸ್ತಿನ ಪ್ರಾಣಿಯಲ್ಲ. ಅದರ ಉಪ್ಪಿನಂಶ ಉಬ್ಬರ ಇಳಿತಕ್ಕೆ ಕುಣಿಯುತ್ತದೆ, ಮಳೆಗೆ ಇಳಿಯುತ್ತದೆ, ಪಕ್ಕದಲ್ಲಿ ಪಂಪ್ ಓಡಿದರೆ ಏರುತ್ತದೆ. ಒಂದೇ ಅಂಕಿ ಪದೇ ಪದೇ ಬಂದರೆ ಒಂದೋ ಅಳೆಯುವ ಪ್ರೋಬ್ ಕೆಟ್ಟಿರಬೇಕು, ಇಲ್ಲವೇ ಪ್ರೋಬ್ ಹಿಡಿದವರು ಬೋರ್ ಹತ್ತಿರ ಹೋಗಿಯೇ ಇರಲಿಕ್ಕಿಲ್ಲ.

ಪ್ರೋಬ್ ಹೊಸದು. ಇ.ಸಿ. 1413 ಎಂದು ಮೊದಲೇ ಗೊತ್ತಿರುವ ದ್ರಾವಣದಲ್ಲಿ ನಾನೇ ಕ್ಯಾಲಿಬ್ರೇಟ್ ಮಾಡಿ ಕೊಟ್ಟಿದ್ದೆ. ಹಾಗಾಗಿ ತಪ್ಪು ಯಾರದು ಎಂದು ಯೋಚಿಸುವ ಗೋಜಿಗೇ ಹೋಗಲಿಲ್ಲ.

ಫೀಲ್ಡ್ ಅಸಿಸ್ಟೆಂಟ್‌ಗೆ ಫೋನ್ ಹಾಕಿದೆ. ನನಗಿಂತ ಸಾಕಷ್ಟು ಹಿರಿಯರು. "ಇದು ಮರದ ನೆರಳಲ್ಲಿ ಕೂತು ತುಂಬಿಸಿರೋ ಡೇಟಾ ಅಂತ ಯಾರು ನೋಡಿದ್ರೂ ಹೇಳ್ತಾರೆ" ಎಂದೆ. "ಹಾಗಲ್ಲ ಮೇಡಂ, ಆ್ಯಪ್‌ನಲ್ಲಿ…" ಎಂದು ಅವರು ಶುರು ಮಾಡಿದರು. "ಎಲ್ಲದಕ್ಕೂ ಆ್ಯಪ್ ಮೇಲೆ ಹಾಕಬೇಡಿ" ಎಂದು ಮಾತು ಕತ್ತರಿಸಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ, "ನೀವೇ ಒಂದ್ಸಲ ಬಂದು ನೋಡಿ ಮೇಡಂ."

ಹೋಗುವ ಮುಂಚೆ ನಾನು ಮಾಡಿದ ಇನ್ನೊಂದು ಘನಕಾರ್ಯವನ್ನೂ ಹೇಳಬೇಕು. 4999 ಇರುವ ಸಾಲುಗಳನ್ನೆಲ್ಲ ಫಿಲ್ಟರ್ ಹಾಕಿ ಕಿತ್ತೆಸೆದು, ಉಳಿದವುಗಳ ಸರಾಸರಿ ತೆಗೆದು, ವರದಿಯಲ್ಲಿ "ಸ್ಥಿತಿ ಸ್ಥಿರ" ಎಂದು ಬರೆದೆ. ಡೇಟಾದ ಗುಣಮಟ್ಟ ನೋಡುವ ಕ್ಯೂ.ಸಿ.ಯವರು ಒಂದೂ ಪ್ರಶ್ನೆ ಕೇಳದೆ ಪಾಸ್ ಮಾಡಿದರು. ಅವರು ಹಾಗೆ ಪಾಸ್ ಮಾಡಿದಾಗಲೇ ಅನುಮಾನ ಬರಬೇಕಿತ್ತು.

ಬೋರ್ ಹತ್ತಿರ ಅವರು ಕ್ಯಾಪ್ ಬಿಚ್ಚಿ ಪ್ರೋಬ್ ಇರುವ ಟೇಪ್ ಇಳಿಸತೊಡಗಿದರು. ನಾನು ರೀಲ್ ಪಕ್ಕ ನಿಂತು ಡಿಸ್‌ಪ್ಲೇ ಓದುತ್ತಿದ್ದೆ. ನೀರು ಮುಟ್ಟಿ ಬೀಪ್ ಬಂತು. ಪ್ರತಿ ಮೀಟರ್‌ಗೂ ನಿಲ್ಲಿಸಿ, ಅಂಕಿ ಕದಲದೆ ನಿಂತ ಮೇಲೆ ಮುಂದಕ್ಕೆ. 840. 860. 870. "ಎಲ್ಲಿದೆ ನಿಮ್ಮ 4999?" ಎಂಬ ಮುಖ ಮಾಡಿಕೊಂಡು ನಿಂತಿದ್ದೆ. ಅವರು ಮಾತಾಡಲಿಲ್ಲ, ರೀಲ್ ಬಿಡುತ್ತಲೇ ಇದ್ದರು. 27 ಮೀಟರ್‌ನಲ್ಲಿ 1400. 29ರಲ್ಲಿ 3900. 30ಕ್ಕೆ ಬಂದಾಗ 6.8.

"ನೋಡಿ, ಪ್ರೋಬ್ ಕೈಕೊಡ್ತು, ಏಕ್‌ದಂ ಬಿತ್ತು" ಎಂದೆ.

ಅವರು ಏನೂ ಹೇಳದೆ ಹೆಬ್ಬೆರಳನ್ನು ಡಿಸ್‌ಪ್ಲೇ ಮೂಲೆಯಲ್ಲಿ, ಅಂಕಿಯ ಪಕ್ಕದ ಸಣ್ಣ ಅಕ್ಷರದ ಕೆಳಗೆ ಇಟ್ಟರು. ಯೂನಿಟ್ ಬದಲಾಗಿತ್ತು. ಮೈಕ್ರೋಸೀಮೆನ್ಸ್ ಹೋಗಿ ಮಿಲಿಸೀಮೆನ್ಸ್ ಬಂದಿತ್ತು. 6.8 ಅಂದರೆ 6800. 31ರಲ್ಲಿ 13, 32ರಲ್ಲಿ 19, 34ರಲ್ಲಿ 28. ತಳದಲ್ಲಿ 41. ಸಮುದ್ರದ ನೀರೇ ಹೆಚ್ಚುಕಡಿಮೆ 50. ನಾವು ನಿಂತಿದ್ದು ಸಿಹಿನೀರಿನ ಬೋರ್ ಎಂದು ನಕ್ಷೆಯಲ್ಲಿ ನೀಲಿ ಚುಕ್ಕೆ ಇಟ್ಟಿದ್ದ ಜಾಗದಲ್ಲಿ.

ಆಮೇಲೆ ಅವರು ಮೊಬೈಲ್ ತೆಗೆದು ಆ್ಯಪ್‌ನಲ್ಲಿ 28000 ಒತ್ತಿದರು. ಕೆಂಪು ಅಕ್ಷರದಲ್ಲಿ "ಮೌಲ್ಯ ಮಿತಿ ಮೀರಿದೆ". 5000 ಒತ್ತಿದರು, ಅದೇ ಕೆಂಪು. 4999 ಒತ್ತಿದರು. ಹಸಿರು, ಸೇವ್. ಖಾಲಿ ಬಿಟ್ಟರೆ ಫಾರ್ಮ್ ಮುಂದಕ್ಕೆ ಹೋಗುವುದಿಲ್ಲ, ಹೋಗದಿದ್ದರೆ ಆ ದಿನದ ಹಾಜರಿ ಇಲ್ಲ. ಮೊದಲು ಕೊಳಾಯಿ ನೀರಿನ ತಪಾಸಣೆಗೆಂದು ಬರೆಸಿದ್ದ ಆ್ಯಪ್ ಅದು. 5000 ದಾಟಿದ ನೀರು ಲೋಕದಲ್ಲಿ ಇರಲಿಕ್ಕಿಲ್ಲ ಎಂದು ಯಾರೋ ಎಸಿ ರೂಮಿನಲ್ಲಿ ಕೂತು ನಿರ್ಧರಿಸಿದ್ದರು.

ನಿಜವಾದ ಲೆಕ್ಕ ಅವರ ಜೇಬಿನ ನೋಟ್‌ಬುಕ್‌ನಲ್ಲಿತ್ತು. ಕೆಲಸದ ನಿಯಮಾವಳಿ, ಅಂದರೆ ಎಸ್‌ಒಪಿ, ಕೇಳುವುದು 34 ಮೀಟರ್‌ನ ಒಂದು ರೀಡಿಂಗ್ ಮಾತ್ರ. ಇವರು ತಮ್ಮಷ್ಟಕ್ಕೆ ಪ್ರತಿ ಮೀಟರ್‌ನದ್ದೂ ಬರೆದಿಟ್ಟಿದ್ದರು. ಶೀಟ್‌ನಲ್ಲಿ ಆಳಕ್ಕೆ ಕಾಲಂ ಇಲ್ಲದ್ದರಿಂದ ಉಳಿದ ಆಳಗಳ ಅಂಕಿ ಆಫೀಸಿಗೆ ಬರುತ್ತಲೇ ಇರಲಿಲ್ಲ. ನೋಟ್‌ಬುಕ್ ಪ್ರಕಾರ 5000 ದಾಟುವ ಆಳ ಕಳೆದ ಬೇಸಿಗೆಯಲ್ಲಿ 38 ಇತ್ತು. ಆಮೇಲೆ 35, 33, ಈಗ 30. ಪಕ್ಕದಲ್ಲಿ ಜನರಿಗೆ ನೀರೆತ್ತುವ ಪ್ರೊಡಕ್ಷನ್ ವೆಲ್‌ನ ಪಂಪ್ ಕೂತಿರುವುದು 24ರಲ್ಲಿ. ಅದು ಓಡುವ ಸದ್ದು ನಾವು ನಿಂತಲ್ಲಿಗೇ ಕೇಳುತ್ತಿತ್ತು.

ಮ್ಯಾನೇಜರ್‌ಗೆ ಫೋನ್ ಮಾಡಿದೆ. ಅವರ ಮೊದಲ ಪ್ರಶ್ನೆ, "ವಾಟರ್ ಲೆವೆಲ್ ಎಷ್ಟು ಡೌನ್?"

"ಅರ್ಧ ಮೀಟರ್ ಸಾರ್."

"ಅಷ್ಟೇನಾ?"

ಒಳನಾಡಿನಲ್ಲಿ ಅರ್ಧ ಮೀಟರ್‌ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ನಿಜ. ಇಲ್ಲಿಯ ಲೆಕ್ಕ ಬೇರೆ. ಸಿಹಿನೀರಿನ ಸಾಂದ್ರತೆ 1.000, ಸಮುದ್ರದ್ದು 1.025. ಆ ಸಣ್ಣ ವ್ಯತ್ಯಾಸದ ಮೇಲೆಯೇ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿ ನಿಂತಿರುವುದು. ಸಮುದ್ರಮಟ್ಟದಿಂದ ಮೇಲೆ ಸಿಹಿನೀರು ಒಂದು ಮೀಟರ್ ಇದ್ದರೆ ಕೆಳಗೆ ಸುಮಾರು 40 ಮೀಟರ್ ಇರುತ್ತದೆ. ಮೇಲೆ ಅರ್ಧ ಮೀಟರ್ ಎಳೆದು ಹಾಗೇ ಇಟ್ಟರೆ ಕೆಳಗಿನ ಉಪ್ಪು ನಿಧಾನಕ್ಕೆ 20 ಮೀಟರ್ ಏರಲು ದಾರಿ ಮಾಡಿಕೊಟ್ಟಂತೆ. ಡಚ್ ಎಂಜಿನಿಯರ್ ಘೈಬೆನ್ 1880ರ ದಶಕದ ಕೊನೆಗೆ, ಜರ್ಮನಿಯ ಹರ್ಟ್ಸ್‌ಬರ್ಗ್ 1901ರಲ್ಲಿ ಹೇಳಿಟ್ಟ ಲೆಕ್ಕ. ಗೆರೆ ಎಳೆದಂಥ ಗಡಿ ಅಲ್ಲಿ ಇರುವುದಿಲ್ಲ, ನಡುವೆ ಬೆರಕೆ ನೀರಿನ ಪಟ್ಟಿ ಇರುತ್ತದೆ, ಏರಲು ಕಾಲವೂ ಬೇಕು. ಆದರೂ ದಿಕ್ಕು ಅದೇ. ಇಷ್ಟನ್ನೂ ಬಿಸಿಲಲ್ಲಿ ನಿಂತು ಫೋನಿನಲ್ಲಿ ಪಾಠ ಮಾಡಿದೆ.

"ಬೋರ್ ಪೂರ್ತಿ ಸ್ಲಾಟೆಡ್ ಪೈಪ್ ಅಲ್ವಾ? ಒಳಗೇ ನೀರು ಮೇಲೆ ಕೆಳಗೆ ಓಡಾಡಿರಬಹುದು. ಲ್ಯಾಬ್ ರಿಪೋರ್ಟ್ ಬರಲಿ" ಎಂದರು. ಹೊಟ್ಟೆ ಉರಿಸಿದ್ದು ಏನೆಂದರೆ, ಆ ಆಕ್ಷೇಪಣೆಯಲ್ಲಿ ಹುರುಳಿತ್ತು. ಉದ್ದಕ್ಕೂ ಸ್ಲಾಟ್, ಅಂದರೆ ನೀರು ಒಳಬರುವ ಸೀಳು, ಇರುವ ಬೋರ್ ತಾನೇ ಒಂದು ಶಾರ್ಟ್‌ಕಟ್ ಆಗಿ ಕೆಳಗಿನ ಉಪ್ಪನ್ನು ಮೇಲಕ್ಕೆ ತಂದುಕೊಡುತ್ತದೆ. ಮಣ್ಣಿನೊಳಗಿನ ಕಥೆ ಅದಕ್ಕಿಂತ ಬೇರೆಯಿರಬಹುದು.

ಅದಕ್ಕೇ ಪಂಪ್‌ಹೌಸ್‌ಗೆ ಹೋಗಿ ಡೆಲಿವರಿ ಪೈಪ್‌ನ ನಲ್ಲಿಯ ಕೆಳಗೆ ಪ್ರೋಬ್ ಹಿಡಿದೆವು. 2100. ಹಿಂದೆಲ್ಲ 900ರ ಆಸುಪಾಸು ಇರುತ್ತಿದ್ದ ನೀರು. ಕುಡಿಯುವ ನೀರು ಕೆಡಲು ಸಮುದ್ರ ಪೂರ್ತಿ ಒಳಗೆ ಬರಬೇಕಿಲ್ಲ. ಸಮುದ್ರದಲ್ಲಿ ಲೀಟರ್‌ಗೆ ಸುಮಾರು 19,000 ಮಿಲಿಗ್ರಾಂ ಕ್ಲೋರೈಡ್ ಇದೆ, ಅದರ ಶೇ. 2 ಬೆರೆತರೂ 380 ಸೇರಿಕೊಳ್ಳುತ್ತದೆ. 250 ದಾಟಿದರೆ ನಾಲಿಗೆಗೇ ಗೊತ್ತಾಗಲು ಶುರು. ಆಪರೇಟರ್, "ಸೋಪು ನೊರೆ ಬರ್ತಿಲ್ಲ ಅಂತ ಜನ ಬೈತಾನೇ ಇದಾರೆ" ಎಂದ. ಅದೂ ಸುಳಿವೇ. ನುಗ್ಗುವ ಉಪ್ಪುನೀರು ದಾರಿಯ ಜೇಡಿಮಣ್ಣಿಗೆ ತನ್ನ ಸೋಡಿಯಂ ಬಿಟ್ಟು ಅಲ್ಲಿಂದ ಕ್ಯಾಲ್ಸಿಯಂ ಎತ್ತಿಕೊಂಡು ಬರುತ್ತದೆ, ಗಡಸುತನ ಏರುತ್ತದೆ. ನಮ್ಮದೇ ಲ್ಯಾಬ್ ಶೀಟ್‌ನಲ್ಲಿ ಹಾರ್ಡ್‌ನೆಸ್ ಕಾಲಂ ಏರುತ್ತಾ ಬಂದದ್ದನ್ನು ನಾನು ನೋಡಿದ್ದೆ, ನೋಡಿ ಸುಮ್ಮನಿದ್ದೆ.

ಪಂಪ್ ನಿಲ್ಲಿಸುವ ಅಧಿಕಾರ ನನಗಿಲ್ಲ, ಆಪರೇಟರ್‌ಗೂ ಇಲ್ಲ. ಆತ ನನ್ನ ಮುಖ ನೋಡಿದ, ಅಸಿಸ್ಟೆಂಟ್ ಮುಖ ನೋಡಿದ, ಎದ್ದು ಹೋಗಿ ಗೇಟ್ ವಾಲ್ವ್ ಅರ್ಧ ಮುಚ್ಚಿ ಬಂದು ರಿಜಿಸ್ಟರ್‌ನಲ್ಲಿ "ಲೋ ವೋಲ್ಟೇಜ್" ಎಂದು ಬರೆದ. ಆ ದಿನ ಸರಿಯಾದ ನಿರ್ಧಾರ ತೆಗೆದುಕೊಂಡ ಏಕೈಕ ದಾಖಲೆ ಅದು, ಅದೂ ಸುಳ್ಳು.

ಲ್ಯಾಬ್‌ನಿಂದಲೂ ಫೋನ್ ಬಂತು. ಕ್ಲೋರೈಡ್ ಅಳೆಯಲು ತಳದ ಸ್ಯಾಂಪಲ್‌ಗೆ ಬ್ಯೂರೆಟ್ ಪೂರ್ತಿ ಸಿಲ್ವರ್ ನೈಟ್ರೇಟ್ ಸುರಿದರೂ ಹಳದಿ ಹೋಗಿ ಇಟ್ಟಿಗೆ ಬಣ್ಣ ಬರುತ್ತಿಲ್ಲ, ಡೈಲ್ಯೂಟ್ ಮಾಡಿ ಕಳಿಸಬೇಕು ಅಂತ ಹೇಳೋಕೇನು ಕಷ್ಟ ಎಂದು ಕೆಮಿಸ್ಟ್ ಕೂಗಾಡಿದರು. ಬೆಲೆಬಾಳುವ ರೀಏಜೆಂಟ್ ಹಾಳು ಮಾಡಿದ ಬೈಗುಳವೂ ನನ್ನ ಪಾಲಿಗೇ.

ಮುಂದೆ ಪಂಪಿಂಗ್ ಗಂಟೆ ಕಡಿಮೆ ಮಾಡಿ, ಒಳಗಿನ ಬೋರ್‌ಗಳಿಗೆ ಲೋಡ್ ಹಂಚಿದರು. ನಲ್ಲಿಯ ಅಂಕಿ ಇಳಿದಿದೆ, ಹಳೆಯ ಮಟ್ಟಕ್ಕಲ್ಲ. ಪಂಪಿನ ಕೆಳಗೆ ಎದ್ದ ಉಪ್ಪಿನ ದಿಬ್ಬ ಏರಿದಷ್ಟು ಬೇಗ ಇಳಿಯುವುದಿಲ್ಲ. ಆ್ಯಪ್‌ನ ಮಿತಿ ತೆಗೆಯಿರಿ ಎಂದು ಕೊಟ್ಟ ಚೇಂಜ್ ರಿಕ್ವೆಸ್ಟ್‌ಗೂ ಉತ್ತರ ಬಂತು: 5000 ಇದ್ದದ್ದನ್ನು 10,000 ಮಾಡಿ ಟಿಕೆಟ್ ಕ್ಲೋಸ್ ಮಾಡಿದ್ದಾರೆ. ಆಳದ ಕಾಲಂ "ಫೇಸ್ ಟು"ನಲ್ಲಂತೆ.

ಅಸಿಸ್ಟೆಂಟ್ ಹತ್ತಿರ ಹೋಗಿ ಫೋನಿನಲ್ಲಿ ಆಡಿದ ಮಾತು ವಾಪಸ್ ತಗೊಳ್ತೀನಿ ಎಂದೆ. "ಅದಿರ್ಲಿ ಮೇಡಂ, ರೀಲಿನ ಹ್ಯಾಂಡಲ್ ಮುರಿದು ಎಷ್ಟು ದಿನ ಆಯ್ತು, ಅದಕ್ಕೊಂದು ಇಂಡೆಂಟ್ ಹಾಕಿ" ಎಂದರು. ಹಾಕಿದೆ. ಅವರ ನೋಟ್‌ಬುಕ್ ಪುಟಗಳನ್ನು ಸ್ಕ್ಯಾನ್ ಮಾಡಿ ಪರಿಷ್ಕೃತ ವರದಿಗೆ ಅನುಬಂಧವಾಗಿಯೂ ಸೇರಿಸಿದೆ. ಕ್ಯೂ.ಸಿ.ಯಿಂದ ಈ ಸಲ ಪ್ರಶ್ನೆ ಬಂದಿದೆ: ಕೈಬರಹದ ಡೇಟಾಕ್ಕೆ ಅನುಮೋದಿತ ಫಾರ್ಮ್ಯಾಟ್ ಯಾವುದು?