ನಾನು ಬರೆದಿದ್ರಲ್ಲಿ ಏನಾದ್ರೂ ತಪ್ಪಿತ್ತಾ?

ಮಂಗಳವಾರದಿಂದ ಇದೊಂದೇ ಮಾತು ಕಿವೀಲಿ ಕೂತ್ಬಿಟ್ಟಿದೆ.

ಕೇಳಿದ್ದು ನಮ್ಮ ಕ್ಲಿನಿಕ್ಕಿಗೆ ಬರೋ ಒಬ್ಬ ಹೆಂಗಸು, ಐವತ್ತು ದಾಟಿದೆ, ಸ್ಕೂಲಿನ ಅಡುಗೆಮನೇಲಿ ಕೆಲಸ. ನಾನು ಇಲ್ಲಿ ಇಂಗ್ಲೆಂಡಲ್ಲಿ ದೊಡ್ಡವರ ಎಡಿಎಚ್‌ಡಿ (ಗಮನ ಒಂದ್ಕಡೆ ನಿಲ್ಲದೆ ಚಡಪಡಿಸೋ ತೊಂದರೆ) ಕ್ಲಿನಿಕ್‌ನಲ್ಲಿ ನರ್ಸು, ಮಾತ್ರೆ ಬರೆಯೋ ಅಧಿಕಾರ ಇರೋ ನರ್ಸು, ನಾನ್-ಮೆಡಿಕಲ್ ಪ್ರಿಸ್ಕ್ರೈಬರ್ ಅಂತಾರೆ. ಫೋನಲ್ಲಿ ಅಮ್ಮಂಗೆ ಹೇಳಿದ್ರೆ "ಹಂಗಾದ್ರೆ ಡಾಕ್ಟ್ರೇ ಆದಂಗಲ್ವೇನೇ" ಅಂತಾಳೆ. ಅಲ್ಲಮ್ಮ. ವಿ300 ಅನ್ನೋ ಕೋರ್ಸ್ ಮುಗಿಸಿದ್ರೆ ನಮಗೆ ಚೆನ್ನಾಗಿ ಗೊತ್ತಿರೋ ವಿಭಾಗದಲ್ಲಿ ನಾವೇ ಬರೀಬಹುದು, 2012ರಿಂದ ಕಂಟ್ರೋಲ್ಡ್ ಡ್ರಗ್ಸ್, ಅಂದ್ರೆ ಕಾನೂನಿನ ಬಿಗಿ ಹಿಡಿತದಲ್ಲಿರೋ ಔಷಧಿಗಳನ್ನ ಕೂಡ. ಸಹಿ ನಂದು, ಹೊಣೇನೂ ನಂದೇ.

ಈ ಹೆಂಗಸಿಗೆ ಲಿಸ್‌ಡೆಕ್ಸಾಂಫೆಟಮೀನ್ ಅನ್ನೋ ಎಡಿಎಚ್‌ಡಿ ಮಾತ್ರೆ 30 ಮಿಲಿಗ್ರಾಂನಿಂದ ಶುರು ಮಾಡಿ 50ಕ್ಕೆ ನಿಲ್ಸಿದ್ದೆ. ಡೋಸ್ ಬದಲಾದಾಗೆಲ್ಲ ಬಿಪಿ, ಪಲ್ಸ್ ನೋಡ್ಲೇಬೇಕು, ಮನೇಲೂ ಆಗಾಗ ನೋಡಿ ಬರ್ದಿಟ್ಕೊಳ್ಳಿ ಅಂದಿದ್ದೆ, ಅಷ್ಟೇ. ಮಂಗಳವಾರ ಬ್ಯಾಗಿಂದ ಒಂದು ನೋಟ್‌ಬುಕ್ ತೆಗೆದ್ರು. ಸ್ಕೇಲಿಟ್ಟು ಗೆರೆ ಎಳ್ದು, ಹಸಿರು ಪೆನ್ನಲ್ಲಿ ತಾರೀಕು, ಟೈಮು, ಬಿಪಿ, ಪಲ್ಸು. 14 ವಾರ, 98 ದಿನ, ಒಂದು ದಿನಾನೂ ಬಿಟ್ಟಿಲ್ಲ. ಒಂದು ಪುಟದಲ್ಲಿ ಟೀ ಚೆಲ್ಲಿ ಕಲೆ ಆಗಿದೆ, ಆ ಕಲೇನ ಬಳಸ್ಕೊಂಡು ಬರ್ದಿದಾರೆ. ಇದೇ ಹೆಂಗಸು ಮೊದಲ ಸಲ ಬಂದಾಗ, ಹುಟ್ಟಿದಾಗಿಂದ ಒಂದು ನೋಟ್‌ಬುಕ್ಕಲ್ಲೂ ನಾಲ್ಕನೇ ಪುಟ ದಾಟಿಲ್ಲ ಅಂದಿದ್ರು.

ಅವತ್ತೇ ನಾನು ಹೇಳ್ಬೇಕಾಗಿ ಬಂದಿದ್ದು, ಅವರ ಜಿಪಿ, ಅಂದ್ರೆ ಫ್ಯಾಮಿಲಿ ಡಾಕ್ಟ್ರು, ಶೇರ್ಡ್ ಕೇರ್ ಒಪ್ಕೊಂಡಿಲ್ಲ ಅಂತ. ನಾವು ಡೋಸ್ ಹದಕ್ಕೆ ತಂದ್ಮೇಲೆ ತಿಂಗಳ ಪ್ರಿಸ್ಕ್ರಿಪ್ಷನ್ ಜಿಪಿ ಬರ್ಕೊಂಡು ಹೋಗ್ಬೇಕು, ವರ್ಷಕ್ಕೊಂದ್ಸಲ ನಾವು ನೋಡ್ಬೇಕು, ಹೀಗೆ ಹಂಚ್ಕೊಂಡು ಮಾಡಿ ಅಂತ ಚಿಕಿತ್ಸೆ ಹೇಗಿರ್ಬೇಕು ಅಂತ ಸಲಹೆ ಕೊಡೋ ನೈಸ್ ಸಂಸ್ಥೆಯ 2018ರ ಗೈಡ್‌ಲೈನೂ ಹೇಳತ್ತೆ, ಆದ್ರೆ ಜಿಪಿಗೆ ಕಡ್ಡಾಯ ಏನಿಲ್ಲ. ಬಂದಿದ್ದ ಲೆಟರ್ ಎರಡೇ ಸಾಲು, ಎಲ್ಲರಿಗೂ ಕಳ್ಸೋ ಅದೇ ಎರಡು ಸಾಲು.

ಆಯಮ್ಮ ನೋಟ್‌ಬುಕ್ ಮುಚ್ಚಿದ್ರು. "ನಾನು ಬರೆದಿದ್ರಲ್ಲಿ ಏನಾದ್ರೂ ತಪ್ಪಿತ್ತಾ?"

ಜಿಪಿಗಳ ಮೇಲಿರೋ ಹೊರೆ ನಂಗೊತ್ತು, ಬೇಡ ಅನ್ನೋ ಹಕ್ಕೂ ಅವರಿಗಿದೆ. ಆದ್ರೆ ಯಾಕೆ ಬೇಡ ಅಂತ ಇನ್ನೊಂದು ಸಾಲು ಬರ್ಯಕ್ಕೆ ಏನಾಗಿತ್ತು? ಶಾಲೇಲಿ, ಗಂಡನ ಮನೇಲಿ, ಬಿಟ್ಟ ಒಂದೊಂದು ಕೆಲಸದಲ್ಲೂ ಏನು ಕೆಟ್ರೂ ನಿಂದೇ ತಪ್ಪು ಅಂತ ಕೇಳ್ಕೊಂಡೇ ಬಂದವರು ಖಾಲಿ ಜಾಗ ಕಂಡ್ರೆ ಅಲ್ಲಿ ತಮ್ಮ ತಪ್ಪನ್ನೇ ತುಂಬ್ಕೋತಾರೆ. ಇಷ್ಟು ವರ್ಷದಲ್ಲಿ ಇದನ್ನ ಎಷ್ಟು ಸಲ ನೋಡಿದೀನೋ. ಇನ್ನೊಂದು ಸಂಕಟ, ಹದಕ್ಕೆ ಬಂದವರನ್ನ ನಾವು ಬಿಟ್ಕೊಡೋಕಾಗ್ದೆ ಇದ್ರೆ ಹೊರಗೆ ವರ್ಷಗಟ್ಲೆ ಕಾಯ್ತಿರೋರು ಒಳಗೆ ಬರೋದಾದ್ರೂ ಹೇಗೆ? ಅವರ ಕೈಲಿ ನೋಟ್‌ಬುಕ್ಕೂ ಇಲ್ಲ.

"ನಿಮ್ಮದೇನೂ ತಪ್ಪಿಲ್ಲ, ಮಾತ್ರೆ ನಿಲ್ಲಲ್ಲ, ಸದ್ಯಕ್ಕೆ ನಾನೇ ಬರೀತೀನಿ" ಅಂದೆ. ನಂಬಿದ್ರೋ ಇಲ್ವೋ. 28 ಕ್ಯಾಪ್ಸೂಲ್, ಅಂಕೀಲೊಂದ್ಸಲ ಅಕ್ಷರದಲ್ಲೊಂದ್ಸಲ ಬರೀಬೇಕು, ಬರೆದು ಸಹಿ ಹಾಕಿ ತಲೆ ಎತ್ತಿದ್ರೆ ಅವರು ನೋಟ್‌ಬುಕ್ ಮತ್ತೆ ಬಿಚ್ಚಿದಾರೆ, ಸ್ಕೇಲ್ ಮರ್ತು ಬಂದಿದ್ರು ಅನ್ಸತ್ತೆ, ಜಿಪಿ ಲೆಟರಿನ ಅಂಚನ್ನೇ ಇಟ್ಕೊಂಡು ಮುಂದಿನ ಪುಟಕ್ಕೆ ಗೆರೆ ಎಳೀತಿದ್ರು.