ಪ್ಲೇನ್ಸ್‌ಗೆ ಹೋದರೆ ಹೊಲದ ಮನೆಯನ್ನು ಮೊದಲು ನೋಡಿ

ಅಟ್ಲಾಂಟಾದಿಂದ ದಕ್ಷಿಣಕ್ಕೆ ಕಾರಿನಲ್ಲಿ ಎರಡೂವರೆ ಗಂಟೆ ದಾರಿ. ಅಮೆರಿಕದ ಜಾರ್ಜಿಯಾ ರಾಜ್ಯದ ಪ್ಲೇನ್ಸ್‌ನಲ್ಲಿ ಆರುನೂರು ಜನವೂ ಇಲ್ಲ. ಒಂದು ಸಾಲು ಅಂಗಡಿ, ಎದುರಿಗೆ ರೈಲು ಹಳಿ, ಅಷ್ಟೇ. ಅಮೆರಿಕದ ಅಧ್ಯಕ್ಷರಾಗಿದ್ದ ಜಿಮ್ಮಿ ಕಾರ್ಟರ್ ಊರು ಅಂತ ಬರುವವರು ಹದಿಮೂರು ಅಡಿಯ ನಗುವ ಕಡಲೆಕಾಯಿ ಪ್ರತಿಮೆ ಪಕ್ಕ ಫೋಟೊ ತೆಗೆಸಿಕೊಂಡು, 1976ರಲ್ಲಿ ಅವರ ಚುನಾವಣಾ ಪ್ರಚಾರದ ಕಚೇರಿಯಾಗಿದ್ದ ಹಳೇ ರೈಲ್ವೆ ಡಿಪೋ ನೋಡಿ ಹೊರಟುಬಿಡುತ್ತಾರೆ. ಹಾಗೆ ಮಾಡಬೇಡಿ.

ಬೆಳಗ್ಗೆ ಬಿಸಿಲೇರುವ ಮುಂಚೆ ಪಶ್ಚಿಮಕ್ಕೆ ಎರಡು-ಮೂರು ಮೈಲಿ ದೂರದ ಆರ್ಚರಿಗೆ ಹೋಗಿ. ಕಾರ್ಟರ್ ನಾಲ್ಕನೇ ವಯಸ್ಸಿನಿಂದ ಬೆಳೆದ ಹೊಲದ ಮನೆ ಅಲ್ಲಿದೆ. ಪ್ರವೇಶ ಉಚಿತ. ಬಚ್ಚಲನ್ನು ತಪ್ಪದೆ ನೋಡಿ: ತಳಕ್ಕೆ ತೂತು ಹೊಡೆದ ತಗಡಿನ ಡಬ್ಬಿಯೇ ಶವರ್. ಅದೂ 1935ರಲ್ಲಿ ನೀರೆತ್ತುವ ಗಾಳಿಯಂತ್ರ ಬಂದ ಮೇಲೆ. ಕರೆಂಟ್ ಬಂದಿದ್ದು 1938ರಲ್ಲಿ.

ಅಲ್ಲಿಂದ ನಾಲ್ಕು ಹೆಜ್ಜೆ ನಡೆದರೆ ಕ್ಲಾರ್ಕ್ ದಂಪತಿಯ ಪುಟ್ಟ ಮನೆ. ಹೊಲದಲ್ಲಿ ದುಡಿಯುತ್ತಿದ್ದ ಕಪ್ಪು ಜನಾಂಗದವರು. ಅಪ್ಪ-ಅಮ್ಮ ಊರಲ್ಲಿಲ್ಲದ ದಿನ ಹುಡುಗ ಜಿಮ್ಮಿ ಇವರ ಮನೆಯಲ್ಲೇ ನೆಲದ ಮೇಲೆ ಮಲಗುತ್ತಿದ್ದ. ಜೊತೆಗೆ ಆಡುತ್ತಿದ್ದವರೂ ಹೆಚ್ಚಾಗಿ ಕಪ್ಪು ಹುಡುಗರೇ. ಆದರೆ ಶಾಲೆಗೆ ಅವನ ಜೊತೆ ಅವರು ಬರುವಂತಿರಲಿಲ್ಲ. ಪ್ಲೇನ್ಸ್ ಹೈಸ್ಕೂಲ್ ಬಿಳಿಯರ ಮಕ್ಕಳಿಗೆ ಮಾತ್ರ. ಆ ಶಾಲೆಯೇ ಈಗ ಮ್ಯೂಸಿಯಂ. ಎರಡೂ ಮನೆ ನೋಡಿಕೊಂಡು ಅಲ್ಲಿಗೆ ಬಂದರೆ ತರಗತಿಯ ಬೆಂಚುಗಳು ಬೇರೆಯೇ ಥರ ಕಾಣುತ್ತವೆ.

ಚರ್ಚುಗಳದ್ದೂ ಇದೇ ಕಥೆ. ಕಪ್ಪು ಜನರನ್ನು ಒಳಗೆ ಬಿಡಬಾರದು ಅಂತ 1965ರಲ್ಲಿ ಪ್ಲೇನ್ಸ್ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಮತ ಹಾಕಿದರು. ಕಾರ್ಟರ್ ಕುಟುಂಬ ವಿರೋಧಿಸಿ ಸೋತಿತು. ಅದೇ ಜಗಳ 1976ರಲ್ಲಿ ಮತ್ತೆ ಎದ್ದು ಚರ್ಚು ಒಡೆಯಿತು, ಮರುವರ್ಷ ಮಾರನಾಥ ಚರ್ಚು ಹುಟ್ಟಿತು. ಕಾರ್ಟರ್ ವರ್ಷಗಟ್ಟಲೆ ಭಾನುವಾರದ ಬೈಬಲ್ ಪಾಠ ಮಾಡಿದ್ದು ಅಲ್ಲೇ. ನಗುವ ಕಡಲೆಕಾಯಿ ಇರುವುದೂ ಅದರ ಹತ್ತಿರವೇ.

ಊಟದ ವಿಷಯ. ಸಸ್ಯಾಹಾರಿಗಳಿಗೆ ಇಲ್ಲಿ ಆಯ್ಕೆ ಕಡಿಮೆ, ಚಿತ್ರಾನ್ನವೋ ಚಪಾತಿಯೋ ಕಟ್ಟಿಕೊಂಡು ಹೋಗಿ. ಬೇಯಿಸಿದ ಕಡಲೆಕಾಯಿ ಮಾತ್ರ ಸಿಗುತ್ತೆ, ನಮ್ಮ ಪರಿಷೆಯದ್ದರ ಹಾಗೇ ಉಪ್ಪುಪ್ಪು. ಚಿಕ್ಕವನಿದ್ದಾಗ ಕಾರ್ಟರ್ ಇದನ್ನೇ ಈ ಬೀದಿಯಲ್ಲಿ ಮಾರುತ್ತಿದ್ದ. ಪೆಟ್ರೋಲ್, ರಾತ್ರಿ ತಂಗುವ ವ್ಯವಸ್ಥೆ ಎಲ್ಲ ಹತ್ತು ಮೈಲಿ ದೂರದ ಪಟ್ಟಣ ಅಮೆರಿಕಸ್‌ನಲ್ಲಿ ಮಾಡಿಕೊಳ್ಳಿ. ಜುಲೈ, ಆಗಸ್ಟ್ ಬೇಡ, ಸೆಕೆ ತಡೆಯೋಕಾಗಲ್ಲ. ಸೆಪ್ಟೆಂಬರ್ ಕೊನೆಗೆ ಹೋದರೆ ಕಡಲೆಕಾಯಿ ಹಬ್ಬವೂ ಸಿಗಬಹುದು, ಕೊಯ್ಲೂ ಕಾಣಬಹುದು.